ಇಪ್ಪತ್ತಮೂರರಲ್ಲೇ ನಿಂತ ಟ್ಯಾಬು

ನನ್ನ ಮೊಬೈಲಿಗೆ ನನ್ನನ್ನು ಕಂಡರೆ ನಗು ಬರುತ್ತದೆ. ಸುಳ್ಳಲ್ಲ. ಬ್ರೌಸರಿನ ಮೂಲೆಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ ನೋಡಿ, ನೀವು ಎಷ್ಟು ಟ್ಯಾಬು ತೆರೆದಿಟ್ಟಿದ್ದೀರಿ ಎಂದು ಅದರೊಳಗೆ ಅಂಕಿ ಬರುತ್ತದೆ. ನಿಮ್ಮಲ್ಲಿ ಮೂರೋ ಏಳೋ ಇರಬಹುದು. ನನ್ನದು ನೂರರ ಗಡಿ ದಾಟಿದ ಮೇಲೆ ಫೋನು ಎಣಿಸುವುದನ್ನೇ ಬಿಟ್ಟು, ಅಂಕಿಯ ಜಾಗದಲ್ಲಿ ಒಂದು ನಗುಮುಖ ಇಟ್ಟುಬಿಟ್ಟಿದೆ. ಮೊದಲ ಸಲ ಅದನ್ನು ಕಂಡಾಗ ಏನೋ ಬಹುಮಾನ ಬಂತೆಂದು ಮಗಳಿಗೆ ತೋರಿಸಿದೆ. ಅನು ಹುಟ್ಟಿ ಬೆಳೆದದ್ದು ಠಾಣೆಯ ಆಚೆಯ ಡೊಂಬಿವಲಿಯಲ್ಲಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

“ಮಮ್ಮಿ, ಯೇ ಪ್ರೈಜ್ ನಹೀ ಹೈ. ಫೋನ್ ಥಕ್ ಗಯಾ ಹೈ,” ಎಂದಳು. ಫೋನು ಸುಸ್ತಾಗಿ ಕೈಚೆಲ್ಲಿದೆಯಂತೆ.

ಆಮೇಲೆ ತಾನೇ ಮುಚ್ಚಿಕೊಡುತ್ತೇನೆಂದು ನನ್ನ ಪಕ್ಕ ಕೂತಳು. ಒಂದೊಂದೇ ಟ್ಯಾಬು ತೋರಿಸುವುದು, “ಯೇ ಚಾಹಿಯೇ?” ಎಂದು ಕೇಳುವುದು. ತೇಗದ ಎಲೆಯಲ್ಲಿ ಬೇಯಿಸುವ ಹಲಸಿನ ಹಣ್ಣಿನ ಕಡುಬು ಬಂತು. ಬೇಕು ಎಂದೆ. ಡೊಂಬಿವಲಿಯಲ್ಲಿ ತೇಗದ ಎಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಸಿಕ್ಕಿದ ದಿನ ಕಡುಬು ಮಾಡುವುದು ಹೇಗೆಂದು ಗೊತ್ತಿರಬೇಕಲ್ಲ ಎಂದೆ. ಬಾಲ್ಕನಿಯ ಕುಂಡದಲ್ಲಿ ಮಲ್ಲಿಗೆ ಬೆಳೆಸುವುದು ಬಂತು, ಬೇಕು. ಯಾವುದೋ ಚಳಿದೇಶದ ದೀಪಸ್ತಂಭ ಬಂತು. ಅಲ್ಲಿ ಕಾವಲಿಗೆ ಮನುಷ್ಯರು ಬೇಕಾಗಿದ್ದಾರೆ, ಊಟ ವಸತಿ ಉಚಿತ ಎಂದು ಅದರಲ್ಲಿತ್ತು. ಅದನ್ನು ಮುಚ್ಚಲು ನನಗೆ ನಿಜಕ್ಕೂ ಮನಸ್ಸಾಗಲಿಲ್ಲ. ಮೊಣಕಾಲು ನೋವಿನ ಈ ಹೆಂಗಸು ಮೆಟ್ಟಿಲು ಹತ್ತಿ ದೀಪ ಹಚ್ಚುವುದು ಆಗದ ಮಾತು, ಆದರೆ ಮುಚ್ಚಿಬಿಟ್ಟರೆ ಅಲ್ಲಿಗೆ ಹೋಗುವ ದಾರಿಯೇ ಕಡಿದಂತೆ. ಅನು ಫೋನನ್ನು ನನ್ನ ಮಡಿಲಿಗೆ ಹಾಕಿ ಎದ್ದು ಹೋದಳು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನನ್ನದು ಕಂಪ್ಯೂಟರು ಬರುವುದಕ್ಕೂ ಮೊದಲಿನ ಕಾಯಿಲೆ. ನಾನು ಬೆಳೆದದ್ದು ಠಾಣೆಯ ಪಕ್ಕದ ಕಳವಾ ಎಂಬ ಊರಿನ ಒಂದು ಚಾಳಿನಲ್ಲಿ. ಒಂದು ಉದ್ದದ ಗ್ಯಾಲರಿ, ಅದರ ಪಕ್ಕಕ್ಕೆ ಸಾಲಾಗಿ ಒಂದೊಂದು ಕೋಣೆಯ ಖೋಲಿಗಳು. ಬೆಳಿಗ್ಗೆ ತೆರೆದ ಬಾಗಿಲು ಮಲಗುವ ಹೊತ್ತಿಗೇ ಮುಚ್ಚುವುದು. ಹಗಲಲ್ಲಿ ಯಾರದಾದರೂ ಬಾಗಿಲು ಮುಚ್ಚಿದ್ದರೆ “ಏನಾಯ್ತಂತೆ?” ಎಂದು ನಾಲ್ಕು ಮಂದಿ ವಿಚಾರಿಸುತ್ತಿದ್ದರು. ಒಲೆಯ ಮೇಲೆ ಎಣ್ಣೆ ಇಟ್ಟು ಅಮ್ಮ ನನ್ನನ್ನು ಗ್ಯಾಲರಿಯ ಕೊನೆಯ ಮನೆಗೆ ಕರಿಬೇವು ತರಲು ಓಡಿಸುತ್ತಿದ್ದಳು. ಮೊದಲ ಬಾಗಿಲಲ್ಲಿ ಮರಾಠಿ ಆಜಿ ಮೊರದಲ್ಲಿ ಅಕ್ಕಿ ಆರಿಸುತ್ತಿರುತ್ತಾಳೆ, ಒಂದು ನಿಮಿಷ ನಿಲ್ಲಬೇಡವೆ? ಮುಂದಿನ ಬಾಗಿಲಲ್ಲಿ ಹೊಲಿಗೆ ಮೆಶೀನು, ಬಣ್ಣಬಣ್ಣದ ಚೂರು ಬಟ್ಟೆ. ಅದರಾಚೆ ಒಬ್ಬರು ರೇಡಿಯೋ ಬಿಚ್ಚಿ ಕೂತಿದ್ದಾರೆ. ಇನ್ನೊಂದು ಮನೆಯಲ್ಲಿ ಮೀನು ಹೆಚ್ಚುತ್ತಿದ್ದಾರೆ, ಬೆಕ್ಕು ಹೊಸ್ತಿಲಲ್ಲಿ ಧ್ಯಾನಕ್ಕೆ ಕೂತಿದೆ. ಅದರ ಜೊತೆ ನಾನೂ ಕೂರುತ್ತಿದ್ದೆ. ಕೊನೆಗೆ ಯಾಕೆ ಹೊರಟೆ ಎನ್ನುವುದೇ ಮರೆತು, ಬಣ್ಣದ ಚೂರು ಬಟ್ಟೆ ಹಿಡಿದು ವಾಪಸು ಬರುತ್ತಿದ್ದೆ. ಅಷ್ಟರಲ್ಲಿ ಅಮ್ಮನ ಒಗ್ಗರಣೆ ಸೀದಿರುತ್ತಿತ್ತು.

“ನಿನ್ನನ್ನು ಉಪ್ಪು ತರ್ಲಿಕ್ಕೆ ಕಳ್ಸಿದ್ರೆ ಸಮುದ್ರ ನೋಡಿ ಬರ್ತಿ,” ಎನ್ನುತ್ತಿದ್ದಳು ಅಮ್ಮ. ಅವಳ ಮಾತು ಇಂದಿಗೂ ಹುಸಿಯಾಗಿಲ್ಲ.

ಮದುವೆಯಾಗಿ ಡೊಂಬಿವಲಿಗೆ ಬಂದೆ, ಕೆಲಸ ಠಾಣೆಯ ಸ್ಟೇಷನ್ನಿನ ಹತ್ತಿರದ ಒಂದು ಆಫೀಸಿನಲ್ಲಿ ಸಿಕ್ಕಿತು. ಅಲ್ಲಿ ಮೊದಮೊದಲು ಇಂಟರ್ನೆಟ್ಟೆಂದರೆ ಒಂದು ಪುಟಕ್ಕೆ ಒಂದು ಕಿಟಕಿ. ನಾಲ್ಕು ತೆರೆದರೆ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಒಂದು ದಿನ ಪಕ್ಕದ ಮೇಜಿನ ಗೆಳತಿ ಹೊಸ ಬ್ರೌಸರು ಹಾಕಿಸಿಕೊಂಡು, ಒಂದೇ ಕಿಟಕಿಯ ನೆತ್ತಿಯಲ್ಲಿ ಸಾಲಾಗಿ ಎಷ್ಟು ಬೇಕಾದರೂ ಪುಟ ತೆರೆದಿಡಬಹುದೆಂದು ತೋರಿಸಿಕೊಟ್ಟಳು. ಕಂಟ್ರೋಲ್ ಒತ್ತಿಕೊಂಡು ಟಿ ಒತ್ತು, ಇನ್ನೊಂದು, ಮತ್ತೊಂದು. ನನಗೆ ಚಾಳಿನ ಗ್ಯಾಲರಿಯೇ ತಿರುಗಿ ಸಿಕ್ಕಿದ ಹಾಗಾಯಿತು. ಆ ಮಧ್ಯಾಹ್ನ ಡಬ್ಬಿ ತೆರೆಯುವುದನ್ನೇ ಮರೆತೆ. ಊಟದ ಹೊತ್ತು ಮುಗಿದಾಗ ನೆತ್ತಿಯ ಸಾಲು ಎಷ್ಟು ಒತ್ತೊತ್ತಾಗಿತ್ತೆಂದರೆ ಹೆಸರುಗಳೆಲ್ಲ ಅಳಿದು ಬರೀ ಚುಕ್ಕೆಗಳು ಉಳಿದಿದ್ದವು. ಸಂಜೆಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾವು ಹೆಂಗಸರು ನಿಂತಿರುವುದೂ ಹಾಗೆಯೇ, ಮುಖ ಕಾಣುವುದಿಲ್ಲ, ಬರೀ ಮುಡಿದ ಹೂವು ಕಾಣುತ್ತದೆ.

ಕೆಲವು ವರ್ಷ ಕಳೆದು ನಮ್ಮ ಮನೆಗೂ ಕಂಪ್ಯೂಟರು ಬಂತು. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆಯ ಫ್ಲ್ಯಾಟು ನಮ್ಮದು. ಕಂಪ್ಯೂಟರು ಹಾಲಿನಲ್ಲಿ, ಮಾವನ ದಿವಾನದ ಪಕ್ಕ ಕೂತಿತು. ಮಾವ ಎಂದರೆ ನನ್ನ ಗಂಡ ದಿನೇಶನ ತಂದೆ. ಉಡುಪಿಯ ಕಡೆಯಿಂದ ಎಳೆಯ ಪ್ರಾಯದಲ್ಲೇ ಬಂದು, ಠಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಅತ್ತೆ ತೀರಿಹೋದ ಮೇಲೆ ಮಾತು ಕಡಿಮೆ ಮಾಡಿದ್ದರು. ಬಿಳಿ ಅಂಗಿಯ ಕಿಸೆಯಲ್ಲಿ ಪೆನ್ನು ಸಿಕ್ಕಿಸದೆ ದಿವಾನದಿಂದ ಕೆಳಗಿಳಿಯುತ್ತಿರಲಿಲ್ಲ, ಬಿಲ್ಲು ಬರೆಯುವ ಕೆಲಸ ಯಾವಾಗ ಬಂದೀತೋ ಎನ್ನುವ ಹಾಗೆ.

ಒಂದು ಕಂಪ್ಯೂಟರು, ನಾಲ್ಕು ಮಂದಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ದಿನೇಶ ಕಾಮೋಠೆಯಲ್ಲಿ ದೊಡ್ಡ ಫ್ಲ್ಯಾಟು ಹುಡುಕುವವನು. ಕೊಳ್ಳುವ ಅಂದಾಜಿಲ್ಲ, ನೋಡುವ ಚಟ ಅಷ್ಟೆ. ಬಣ್ಣದ ಚಿತ್ರದಲ್ಲಿ ಆ ಬಾಲ್ಕನಿಗಳ ಮುಂದೆ ಯಾವಾಗಲೂ ಸಂಜೆಯಾಗಿರುತ್ತಿತ್ತು. ಅನುವಿಗೆ ಹಾಡು ಮತ್ತು ಆಟ. ನನಗೆ ಲೋಕವೆಲ್ಲ. ಮೊದಲ ವಾರವೇ ದಿನೇಶ ಜಾಗ ಮಾಡಿಕೊಳ್ಳಲು ಅನುವಿನ ಟ್ಯಾಬುಗಳನ್ನೆಲ್ಲ ಮುಚ್ಚಿಬಿಟ್ಟ. ಅವಳು ಅಳುತ್ತಾ ಊಟ ಬಿಟ್ಟಳು. ಆಗ ಮಾವ ದಿವಾನದ ಮೇಲಿಂದಲೇ ತೀರ್ಪು ಕೊಟ್ಟರು.

“ನಮ್ಮ ಹೋಟ್ಲಲ್ಲಿ ಒಂದು ಪದ್ಧತಿ ಉಂಟು,” ಎಂದರು. “ಗಿರಾಕಿ ಕಪ್ಪಿನ ಮೇಲೆ ಬಸಿ ಮುಚ್ಚಿ ಹೊರಗೆ ಹೋದ್ರೆ ಆ ಟೇಬಲ್ ಒರೆಸ್ಲಿಕ್ಕಿಲ್ಲ. ಅವ ಫೋನ್ ಮಾಡ್ಲಿಕ್ಕೆ ಹೋಗಿರ್ಬಹುದು, ಬೀಡಿ ಸೇದ್ಲಿಕ್ಕೆ ಹೋಗಿರ್ಬಹುದು. ಎಷ್ಟು ರಶ್ ಇರ್ಲಿ, ಚಾ ತಣ್ಣಗಾಗಿ ಹೋಗ್ಲಿ, ಆ ಕಪ್ಪು ಅವಂದೇ. ಇಲ್ಲಿಯೂ ಹಾಗೆ. ಒಬ್ರು ತೆರೆದಿಟ್ಟದ್ದನ್ನು ಇನ್ನೊಬ್ರು ಮುಟ್ಲಿಕ್ಕಿಲ್ಲ.”

ಗಲ್ಲಾದ ಮಾತಿಗೆ ಎದುರಾಡುವವರು ಯಾರು? ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಾಯಿದೆಯಾಯಿತು. ಬ್ರೌಸರಿನ ಎಡತುದಿ ದಿನೇಶನದು, ನಡುವೆ ಅನು, ಅವಳ ಆಚೆ ನಾನು, ಬಲತುದಿಯಲ್ಲಿ ಮಾವನ ಎರಡೋ ಮೂರೋ. ಕಂಪ್ಯೂಟರನ್ನು ಪೂರ್ತಿ ಆರಿಸುವ ಪದ್ಧತಿಯೇ ಹೋಯಿತು. ಮಲಗಿಸುವುದು, ಎಬ್ಬಿಸುವುದು. ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದರೆ ಮಾವನೇ ಎದ್ದು ಅದನ್ನು ಮಲಗಿಸುತ್ತಿದ್ದರು. ನನ್ನ ಟ್ಯಾಬುಗಳು ಮಾತ್ರ ಮನೆ ತುಂಬಿ ಬೀದಿಗೆ ಬರುವಷ್ಟಾಗಿ, ಅವರ ಪುಟಗಳು ಮೂಲೆಗೆ ಒತ್ತಿಹೋಗುತ್ತಿದ್ದವು. “ಶೋಭಾ, ನಿನ್ನ ಸಂಸಾರ ಸ್ವಲ್ಪ ಆಚೆ ಸರ್ಸು,” ಎನ್ನುತ್ತಿದ್ದರು. ಮುಚ್ಚು ಎಂದು ಒಂದು ದಿನವೂ ಹೇಳಿದವರಲ್ಲ.

ಅವರದ್ದು ಒಂದು ಊರಿನ ಸುದ್ದಿಯ ಪುಟ, ಇನ್ನೊಂದು ಕ್ರಿಕೆಟ್ಟಿನ ಸ್ಕೋರು. ಟಿವಿ ಇರಲಿಲ್ಲವೆಂದಲ್ಲ. ಒಂಬತ್ತನೆಯ ಪರೀಕ್ಷೆ ಮುಗಿದದ್ದೇ ತಡ ಅನುವಿಗೆ ಹತ್ತನೆಯ ಟ್ಯೂಷನ್ ಶುರುವಾಗಿತ್ತು. ನಮ್ಮೂರಿನಲ್ಲಿ ಹತ್ತನೆಯೆಂದರೆ ಮನೆಮಂದಿಯೆಲ್ಲ ಕಟ್ಟಬೇಕಾದ ಪರೀಕ್ಷೆ. ಅವಳು ರೂಮಿನಲ್ಲಿ ಓದುವಾಗ ಹಾಲಿನಲ್ಲಿ ಟಿವಿ ಗದ್ದಲ ಬೇಡವೆಂದು ಮಾವ ತಾವಾಗಿಯೇ ಅದರ ಪ್ಲಗ್ಗು ತೆಗೆದರು. ಬೇಸಿಗೆಯ ಇಪ್ಪತ್ತು ಓವರಿನ ಪಂದ್ಯಗಳನ್ನೆಲ್ಲ ಅವರು ಬರೀ ಅಂಕಿಗಳಲ್ಲಿ ನೋಡಿದರು. ಪುಟ ತಾನಾಗಿ ಬದಲಾಗುವುದಿಲ್ಲ, ಎಫ್ ಫೈವ್ ಒತ್ತಿದರೆ ಹೊಸ ಸ್ಕೋರು ಬರುತ್ತದೆ ಎಂದು ಅನು ಅವರಿಗೆ ಹೇಳಿಕೊಟ್ಟಿದ್ದಳು. ಅವರು ತೋರುಬೆರಳನ್ನು ಆ ಗುಂಡಿಯ ಮೇಲಿಟ್ಟು ಕೂರುತ್ತಿದ್ದರು. ಒಂದು ಚೆಂಡಿಗೆ ಒಂದು ಒತ್ತು. ಯಾರಾದರೂ ಔಟಾದರೆ ಮೂಗಿನಲ್ಲಿ ಒಂದು ಸಣ್ಣ ಉಸಿರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಆ ಉಸಿರು ಎಣಿಸಿಯೇ ನನಗೆ ಎಷ್ಟು ವಿಕೆಟ್ ಬಿತ್ತೆಂದು ತಿಳಿಯುತ್ತಿತ್ತು. ಈಗ ನೆನೆದರೆ ಅಂಥ ಸಂಜೆಗಳು ಮತ್ತೆ ಬಂದಿಲ್ಲ ಅನ್ನಿಸುತ್ತದೆ. ಕಿಟಕಿಯಾಚೆ ಲೋಕಲ್ಲಿನ ಸದ್ದು, ಒಳಗೆ ಪುಸ್ತಕದ ಹಾಳೆ ಮಗುಚುವ ಸದ್ದು, ಆ ಗುಂಡಿಯ ಟಕ್ ಸದ್ದು. ಎಲ್ಲರೂ ಒಂದೇ ಮನೆಯಲ್ಲಿ ಬೇರೆಬೇರೆ ಕಡೆ ಇದ್ದೆವು, ಆದರೂ ಜೊತೆಗಿದ್ದೆವು.

ಅಂಥದೊಂದು ಸಂಜೆ ಊಟಕ್ಕೆ ಕೂತಾಗ ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು.

“ಶೋಭಾ, ಮೇ ಕೊನೆಗೆ ನಂಗೊಂದು ಊರಿನ ಟಿಕೆಟ್ ಮಾಡು. ಸುಲೋಚನ ಬಾ ಬಾ ಅಂತ ಹೇಳ್ತಾ ಇದ್ದಾಳೆ. ಅನು ಹತ್ತನೆಗೆ ಬಂತಲ್ಲ, ಮನೆ ಸ್ವಲ್ಪ ಅಗಲ ಆಗ್ಬೇಕು.”

ಸುಲೋಚನ ನನ್ನ ನಾದಿನಿ. ಉಡುಪಿಯ ಹತ್ತಿರದ ಕಾಪುವಿನಲ್ಲಿ ಅವಳ ಸಂಸಾರ. ಅಪ್ಪನಿಗೆಂದು ಒಂದು ಕೋಣೆಯನ್ನೇ ತೆಗೆದಿಟ್ಟವಳು.

“ವಾಪಸ್ ಟಿಕೆಟ್ ಯಾವಾಗಿಗೆ ಮಾಡ್ಲಿ ಮಾವ?” ಎಂದು ಕೇಳಿದೆ.

“ಅದು ಮತ್ತೆ ನೋಡುವ,” ಎಂದರು.

ನಮ್ಮ ಕಡೆ ‘ಮತ್ತೆ ನೋಡುವ’ ಎಂದರೆ ಇಲ್ಲ ಎಂದೇ ಅರ್ಥ, ನಿಮಗೆ ಗೊತ್ತಲ್ಲ. ದಿನೇಶನ ಕೈ ಅನ್ನದ ಮೇಲೆ ನಿಂತಿತು, ಮತ್ತೆ ಕಲಸತೊಡಗಿತು. ನಾನು ಸಾರು ಬಡಿಸಿದೆ. ಮಜ್ಜಿಗೆ ಬಡಿಸಿದೆ. ಬಡಿಸುವುದಕ್ಕೆ ಇನ್ನೇನೂ ಇರಲಿಲ್ಲ. ‘ಹೋಗಬೇಡಿ, ಇರಿ’ ಎನ್ನುವುದು ಎಷ್ಟು ಸಣ್ಣ ಮಾತು, ಆದರೆ ನಮ್ಮ ಮನೆಗಳಲ್ಲಿ ಅದನ್ನು ಹೇಳಿ ರೂಢಿಯಿಲ್ಲ. ಹೇಳಿದರೆ ಇಷ್ಟು ದಿನ ಹೇಳದೆ ಇದ್ದದ್ದೆಲ್ಲ ಬಯಲಾಗುತ್ತದೇನೋ ಎಂಬ ನಾಚಿಕೆ. ಮಾವ ಕೂಡಾ ಹೋಗಬೇಕೆಂದು ಹೇಳಿದರೇ ಹೊರತು ಹೋಗುವ ಆಸೆ ಇದೆಯೆಂದು ಹೇಳಲಿಲ್ಲ.

ನನಗೆ ಅವರು ಹೋಗುವುದು ಬೇಡವಾಗಿತ್ತು. ದಿನೇಶನ ತಂದೆ ಎಂಬ ಗೌರವಕ್ಕಲ್ಲ, ನನ್ನ ಸ್ವಾರ್ಥಕ್ಕೇ. ಸಂಜೆಯ ಲೋಕಲ್ಲಿನಿಂದ ಕಬ್ಬಿನ ಸಿಪ್ಪೆಯಾಗಿ ಇಳಿದು, ಬಿಲ್ಡಿಂಗಿನ ಕೆಳಗೆ ನಿಂತು ತಲೆಯೆತ್ತಿದರೆ ನಮ್ಮ ಹಾಲಿನ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಕೀಲಿಕೈ ತೆಗೆದು ಕತ್ತಲ ಮನೆಯೊಳಗೆ ಹೋಗುವ ಹೆಂಗಸರ ಮುಖಗಳನ್ನು ನಾನು ಲೇಡೀಸ್ ಡಬ್ಬಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಾವ ಹೋದರೆ ಆ ದೀಪ ಹೋಗುತ್ತದೆ. ಅದನ್ನು ಯಾರಿಗೆ ಹೇಳಲಿ?

ಹೇಳಲಾಗದೆ ಟಿಕೆಟ್ಟು ಮಾಡಿದೆ. ಮೇ ತಿಂಗಳ ಕೊಂಕಣ ರೈಲಿನ ಟಿಕೆಟ್ಟೆಂದರೆ ಜಾತ್ರೆಯಲ್ಲಿ ಕಳೆದುಹೋದ ಚಪ್ಪಲಿ, ಸಿಕ್ಕಿದರೆ ಪುಣ್ಯ. ನಾನೂ ಅನುವೂ ಬೆಳಿಗ್ಗೆಯೇ ಕಂಪ್ಯೂಟರಿನ ಮುಂದೆ ಕೂತೆವು, ಮಾವ ಹಿಂದೆ ನಿಂತರು. ಪುಟ ತಿರುಗಿತು, ತಿರುಗಿತು, ಕೊನೆಗೆ ವೇಟಿಂಗ್ ಲಿಸ್ಟ್ ಇಪ್ಪತ್ತಮೂರು ಎಂದು ಬಂತು. ಠಾಣೆಯಲ್ಲಿ ಹತ್ತಿ ಉಡುಪಿಯಲ್ಲಿ ಇಳಿಯುವುದು. ನಾನು ಆ ಪುಟವನ್ನು ಬಲತುದಿಯಲ್ಲಿ, ಮಾವನ ಜಾಗದಲ್ಲಿ ತೆರೆದಿಟ್ಟೆ.

“ಆಗ್ತದಾ ಇದು?” ಎಂದು ಕೇಳಿದರು.

“ಯಾರಾದ್ರೂ ಕ್ಯಾನ್ಸಲ್ ಮಾಡಿದ ಹಾಗೆ ಮುಂದೆ ಬರ್ತದೆ ಮಾವ. ಆಗಾಗ ನೋಡ್ತಾ ಇರಿ.”

ಅವರು ನೋಡುತ್ತಾ ಇದ್ದರು. ಬೆಳಿಗ್ಗೆ ನಾನು ಡಬ್ಬಿ ಕಟ್ಟುವಾಗ ಕಂಪ್ಯೂಟರನ್ನು ಎಬ್ಬಿಸಿ, ಆ ಟ್ಯಾಬಿನ ಮೇಲೆ ಒತ್ತಿ, ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. “ಇಪ್ಪತ್ತಮೂರೇ,” ಎನ್ನುತ್ತಿದ್ದರು. ಆಮೇಲೆ ಊರಿನ ಸುದ್ದಿಗೆ ಹೋಗುತ್ತಿದ್ದರು. ಸುಲೋಚನ ಫೋನು ಮಾಡಿದರೂ ಅದೇ ಉತ್ತರ. “ಇಲ್ಲ ಮಗಾ, ಇಪ್ಪತ್ತಮೂರರಲ್ಲೇ ಉಂಟು.” ನಾನಂತೂ ಆ ಅಂಕಿಯನ್ನು ಮನಸ್ಸಿನಲ್ಲೇ ಮುದ್ದು ಮಾಡುತ್ತಿದ್ದೆ. ಇನ್ನೊಂದು ವಾರ ಹೀಗೇ ಇರಲಿ ದೇವರೇ, ಇನ್ನೂ ಒಂದು ವಾರ.

ಆದರೆ ಆಫೀಸಿನ ನನ್ನ ಕಂಪ್ಯೂಟರಿನಲ್ಲೂ, ಅಂದಿನ ದೀಪಸ್ತಂಭ ಮಲ್ಲಿಗೆಗಳ ನಡುವೆ, ಅದೇ ಟಿಕೆಟ್ಟಿನ ನಂಬರು ಹಾಕಿದ ಒಂದು ಟ್ಯಾಬು ತೆರೆದಿಟ್ಟಿದ್ದೆ. ಅದನ್ನು ಮುಟ್ಟುವ ಧೈರ್ಯವಿರಲಿಲ್ಲ. ಹಬ್ಬದ ಡಬ್ಬಿಯಲ್ಲಿ ಚಕ್ಕುಲಿ ಮುಗಿಯಿತೋ ಏನೋ ಎಂದು ಮುಚ್ಚಳ ತೆಗೆಯದೆ ಇರುತ್ತೇವಲ್ಲ, ಹಾಗೆ. ಹೊರಡುವ ದಿನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮನಸ್ಸು ಗಟ್ಟಿಮಾಡಿ ಪುಟವನ್ನು ಹೊಸದು ಮಾಡಿದೆ. ಟಿಕೆಟ್ಟು ಕನ್ಫರ್ಮ್ ಆಗಿತ್ತು. ಎಸ್ ಸಿಕ್ಸ್ ಬೋಗಿ, ಕಿಟಕಿ ಪಕ್ಕದ ಕೆಳಗಿನ ಬರ್ತು. ಮಾವನ ಪ್ರಾಯದವರು ಬೇಡಿಕೊಂಡರೂ ಸಿಗದಂಥ ಜಾಗ.

ಆ ಸಂಜೆ ಲೋಕಲ್ಲಿನಲ್ಲಿ ಸೀಟು ಸಿಕ್ಕಿದರೂ ನನಗೆ ಖುಷಿಯಾಗಲಿಲ್ಲ. ಮುಂಬ್ರಾದ ಗುಡ್ಡ, ದಿವಾದ ಹೊಲ, ಎಲ್ಲ ಎಂದಿನಂತೆ ಹಿಂದೆ ಸರಿದವು. ಪಾಪ, ಮಾವ ದಿನಾ ಹಳೆಯ ಪುಟವನ್ನೇ ನೋಡುತ್ತಿದ್ದಾರೆ. ಅದೂ ತಾನಾಗಿ ಬದಲಾಗದೆಂದು ಅವರಿಗೆ ಹೊಳೆದಿಲ್ಲ, ಅವರ ಟ್ಯಾಬೆಂದು ನಾವು ಯಾರೂ ಮುಟ್ಟಿಲ್ಲ. ಪ್ರಯಾಣಕ್ಕೆ ತಯಾರಿ ಬೇಡವೆ, ಬಟ್ಟೆ ಒಗೆದು ಇಸ್ತ್ರಿ ಮಾಡಬೇಡವೆ? ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡೆ. ಹೇಳುವ ವಾಕ್ಯವನ್ನೂ ಹೊಂದಿಸಿಕೊಂಡೆ.

ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಮಾವ ಕಂಪ್ಯೂಟರಿನ ಮುಂದೆ ಕೂತಿದ್ದರು, ಪಂದ್ಯ ಕೊನೆಯ ಓವರುಗಳಲ್ಲಿತ್ತು. ಟಕ್. ಎರಡು ರನ್. ಟಕ್. ಚೆಂಡು ವ್ಯರ್ಥ. ಟಕ್. ಮೂಗಿನಲ್ಲಿ ಉಸಿರು. ನಾನು ಚಪ್ಪಲಿ ಬಿಡುತ್ತಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರು ಬಲತುದಿಯ ಟ್ಯಾಬಿಗೆ ಹೋದರು. ಬೆರಳು ಎಫ್ ಫೈವಿನ ಮೇಲೆಯೇ ಇತ್ತು. ಪುಟ ತೆರೆದುಕೊಂಡದ್ದೇ ಅವರು ಆ ಬೆರಳನ್ನು ಎತ್ತಿ, ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಬಿಸಿಪಾತ್ರೆಯ ಹತ್ತಿರ ಹೋದ ಕೈಯನ್ನು ಹಿಂದೆ ತೆಗೆಯುತ್ತೇವಲ್ಲ, ಅಷ್ಟು ಬೇಗ. ಸ್ವಲ್ಪ ಹೊತ್ತು ಅಂಕಿಯನ್ನು ನೋಡಿದರು. “ಇಪ್ಪತ್ತಮೂರೇ,” ಎಂದು ತಮಗೆ ತಾವೇ ಹೇಳಿ ಸ್ಕೋರಿಗೆ ಮರಳಿದರು. ಟಕ್.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖಕ್ಕೆ ನೀರು ಹಾಕಿಕೊಂಡೆ. ಒಂದೊಂದು ಚೆಂಡಿಗೂ ಪುಟ ಹೊಸದು ಮಾಡುವ ಮನುಷ್ಯ ಆ ಒಂದು ಪುಟವನ್ನು ಒಂದು ಸಲವೂ ಹೊಸದು ಮಾಡಿರಲಿಲ್ಲ. ನಾನು ಆಫೀಸಿನಲ್ಲಿ ಮುಟ್ಟದೆ ಬಿಟ್ಟದ್ದನ್ನೇ ಅವರು ಮನೆಯಲ್ಲಿ ಮುಟ್ಟದೆ ಬಿಟ್ಟಿದ್ದರು. ಅಳು ಬಂತು, ಬಂದದ್ದು ಸಂತೋಷಕ್ಕೆ.

ದಿನೇಶ ಬಂದಾಗ ಬಾಲ್ಕನಿಗೆ ಕರೆದು ಎಲ್ಲ ಹೇಳಿದೆ. ಅವನು ಒಗೆದ ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆಯುತ್ತಾ ಕೇಳಿದ.

“ಕನ್ಫರ್ಮ್ ಆಗಿದೆ ಅಂತ ಅಪ್ಪನಿಗೆ ಹೇಳಿದ್ಯಾ?”

“ಇಲ್ಲ.”

“ಅನುಗೆ?”

“ಇಲ್ಲ.”

“ಹಾಗಾದ್ರೆ ಸುಮ್ಮನಿರು ಮಾರಾಯ್ತಿ,” ಎಂದ. ಒಣಗದ ಬಟ್ಟೆಯನ್ನೂ ಒಣಗಿದ್ದರ ಜೊತೆ ಎತ್ತಿಕೊಂಡು ಒಳಗೆ ಹೋದ. ಆ ಬಟ್ಟೆಯನ್ನು ನಾನು ಮತ್ತೆ ಹರವಬೇಕಾಯಿತು.

ಸುಮ್ಮನಿರುವುದಷ್ಟೇ ಸಾಕಾಗುತ್ತಿರಲಿಲ್ಲ. ಮಾವನ ಚೀಲ ದಿವಾನದ ಕೆಳಗಿನಿಂದ ಹೊರಗೆ ಬಂದಿತ್ತು, ಎರಡು ಪಂಚೆ ಮಡಚಿ ಅದರಲ್ಲಿಟ್ಟೂ ಆಗಿತ್ತು. ಅವರಾಗಿಯೇ ಇರುತ್ತೇನೆ ಎನ್ನುವುದಿಲ್ಲ. ಯಾರಾದರೂ ಬಾಯಿಬಿಡಬೇಕು. ಮರುದಿನ ಬೆಳಿಗ್ಗೆ ಡಬ್ಬಿಗೆ ಮುಚ್ಚಳ ಹಾಕುತ್ತಾ ಹಾಲಿಗೆ ಬಂದೆ. ಅವರು ಆ ಪುಟದ ಎದುರೇ ಇದ್ದರು.

“ಇನ್ನೂ ಇಪ್ಪತ್ತಮೂರಾ ಮಾವ?”

“ಹೌದು. ಅಲ್ಲಾಡುದೇ ಇಲ್ಲ ಇದು.”

“ಇನ್ನು ಅಲ್ಲಾಡ್ಲಿಕ್ಕಿಲ್ಲ ಮಾವ. ಈ ಸೀಸನ್ನಲ್ಲಿ ಯಾರು ಕ್ಯಾನ್ಸಲ್ ಮಾಡ್ತಾರೆ?”

ಅವರು ತಿರುಗಿ ನನ್ನ ಮುಖ ನೋಡಿದರು. ಗಲ್ಲಾದಲ್ಲಿ ಕೂತವರ ನೋಟ ಅದು, ಎದುರಿನವರು ತಿಂದದ್ದೆಷ್ಟು, ಹೇಳುತ್ತಿರುವುದೆಷ್ಟು ಎಂದು ತಿಳಿಯುವ ನೋಟ. ನಾನು ಡಬ್ಬಿಯ ಮುಚ್ಚಳವನ್ನೇ ಒತ್ತುತ್ತಾ ನಿಂತೆ.

“ಹಾಗಾದ್ರೆ ಎಂತ ಮಾಡುದು?” ಎಂದರು.

“ಎಂತ ಮಾಡುದು, ಇಲ್ಲೇ ಇರುದು. ನೀವು ಹೋದ್ರೆ ಮನೆ ಅಗಲ ಆಗುದಿಲ್ಲ ಮಾವ, ಖಾಲಿ ಆಗ್ತದೆ. ನಂಗೆ ಸಂಜೆ ಬಂದು ಬೀಗ ತೆಗ್ದು ಗೊತ್ತಿಲ್ಲ.”

ಇಷ್ಟು ಉದ್ದದ ಮಾತು ನಾನು ಅವರೊಂದಿಗೆ ಆಡಿದ್ದು ಅದೇ ಮೊದಲಿರಬೇಕು. ಒಳಗಿನಿಂದ ಅನು, ಎಲ್ಲ ಕೇಳಿಸಿಕೊಂಡವಳು, ಕೂಗಿ ಹೇಳಿದಳು.

“ಅಜ್ಜಾ, ಮತ್ ಜಾವೋ ನಾ. ಮೇರಾ ಹಿಸ್ಟರಿ ಕೌನ್ ಸುನೇಗಾ?”

ಹೌದಲ್ಲ, ಅವಳು ಬಾಯಿಪಾಠ ಮಾಡಿದ ಇತಿಹಾಸವನ್ನೆಲ್ಲ ಮರಾಠಿಯಲ್ಲಿ ಒಪ್ಪಿಸುತ್ತಿದ್ದದ್ದು ಅಜ್ಜನಿಗೇ. ಮಾವ ಮೌಸನ್ನು ಎಳೆದುಕೊಂಡು ಬಲತುದಿಯ ಆ ಟ್ಯಾಬನ್ನು ತಾವೇ ಮುಚ್ಚಿದರು. “ನೀನು ಹೊರಡು, ಗಾಡಿ ತಪ್ಪುತ್ತದೆ,” ಎಂದರು. ನಾನು ಚಪ್ಪಲಿ ಮೆಟ್ಟುವಾಗ ಅವರು ಸುಲೋಚನಳಿಗೆ ಫೋನು ಹಚ್ಚಿದ್ದರು. “ಟಿಕೆಟ್ ಆಗ್ಲಿಲ್ಲ ಮಗಾ. ಇನ್ನು ಮಳೆ ಶುರುವಾಗ್ತದಲ್ಲ, ದೀಪಾವಳಿ ಕಳೀಲಿ, ಮತ್ತೆ ನೋಡುವ.”

ಬರ್ತನ್ನು ಬಿಟ್ಟುಕೊಟ್ಟರೆ ಇನ್ನೊಬ್ಬರಿಗೆ ಸಿಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕ್ಯಾನ್ಸಲ್ ಮಾಡುವ ಪುಟವನ್ನೂ ಆಫೀಸಿನಲ್ಲಿ ಒಂದು ಟ್ಯಾಬಿನಲ್ಲಿ ತೆರೆದಿಟ್ಟೆ. ಅದರ ಪಕ್ಕದಲ್ಲಿ ಉಡುಪಿಯವರೆಗಿನ ಸ್ಟೇಷನ್ನುಗಳ ಪುಟ ತೆರೆದೆ. ಚಿಪಳೂಣ, ರತ್ನಾಗಿರಿ, ಕುಡಾಳ, ಒಂದೊಂದು ಹೆಸರಿಗೂ ಒಂದು ಸುರಂಗ, ಒಂದು ಹೊಳೆ, ಕಿಟಕಿಗೆ ತಾಗುವ ಕೊಂಬೆಗಳು. ಅಲ್ಲಿಂದ ಹೊಳೆಗಳ ಪುಟ, ಹೊಳೆಗಳಿಂದ ಸೇತುವೆಗಳ ಪುಟ. ಅಷ್ಟರಲ್ಲಿ ಹೊರಡುವ ದಿನವೇ ಬಂದುಬಿಟ್ಟಿತು. ನನ್ನ ಸ್ವಭಾವ ನಿಮಗೆ ಗೊತ್ತಾಗಿದೆಯಲ್ಲ.

ಆ ಮಧ್ಯಾಹ್ನ ಊಟದ ಹೊತ್ತಿಗೆ ಕಾಲುಗಳು ತಾವಾಗಿಯೇ ಸ್ಟೇಷನ್ನಿನ ಕಡೆ ನಡೆದವು. ಉಡುಪಿಯ ರೈಲು ನಿಲ್ಲುವ ಪ್ಲಾಟ್‌ಫಾರ್ಮಿನ ತುಂಬ ನಮ್ಮವರೇ ಇದ್ದರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ನೀರಿನ ಕ್ಯಾನು, ತುಳು, ಕನ್ನಡ, ಅಜ್ಜಿಯನ್ನು ಹಿಂದಿಯಲ್ಲಿ ಗದರಿಸುವ ಮಕ್ಕಳು. ರೈಲು ಬಂತು. ಜನ ನುಗ್ಗಿದರು. ನಾನು ಗುಂಪಿನ ಸಂದಿಯಲ್ಲಿ ಎಸ್ ಸಿಕ್ಸ್ ಹುಡುಕುತ್ತಾ ಹೋದೆ. ಮಾವನ ಬರ್ತಿನ ಕಿಟಕಿ ಪ್ಲಾಟ್‌ಫಾರ್ಮಿನ ಕಡೆಗೇ ಇತ್ತು. ಒಳಗೆ ಮಂದಿ ಮಂದಿಯ ಮೇಲೆ ಬೀಳುತ್ತಿದ್ದರೂ ಆ ಸೀಟು ಖಾಲಿಯಿತ್ತು, ಅದರ ಮೇಲೆ ಒಂದು ತುಂಡು ಬಿಸಿಲು ಬಿದ್ದಿತ್ತು. ಬಿಳಿ ಅಂಗಿಯ ಒಬ್ಬರು ಅಲ್ಲಿ ಕೂತು, ಕಿಸೆಯ ಪೆನ್ನು ಸರಿಮಾಡಿಕೊಂಡು, ನನಗೆ ಕೈಯೆತ್ತುವುದನ್ನು ಒಂದು ಗಳಿಗೆ ಕಂಡೆ.

ಪ್ರಾಯ ಸಂದ ಹೆಂಗಸೊಬ್ಬರು ಚೀಲ ಎಳೆದುಕೊಂಡು ಆ ಸೀಟಿನವರೆಗೆ ಬಂದು ನಿಂತರು. ಕಿಟಕಿಯ ಸರಳು ಹಿಡಿದು ನಿಂತ ನನ್ನನ್ನು ನೋಡಿ, ಯಾರನ್ನೋ ಕಳಿಸಲು ಬಂದವಳೆಂದು ತಿಳಿದರು. ಆ ರೈಲಿನಲ್ಲಿ ಯಾವ ಭಾಷೆಯೆಂದು ಕೇಳಿ ಮಾತಾಡುವ ಪದ್ಧತಿಯಿಲ್ಲ.

“ಇಲ್ಲಿ ಜನ ಉಂಟಾ?” ಎಂದು ಕೇಳಿದರು.

“ಇಲ್ಲ, ನೀವು ಕೂತ್ಕೊಳ್ಳಿ,” ಎಂದೆ. “ಅವರು ಮನೆಯಲ್ಲೇ ಇದ್ದಾರೆ.”